ಉಂಡೆಪುಟ್ಟಿಯ ಮುಖ

ಗುರುವಾರ, ಮಧ್ಯಾಹ್ನ

ಮಗಳೇ,

ನನ್ನ ಕೈಬರಹ ನೋಡಿದ ಕೂಡಲೇ ನಿನಗೆ ಬರುವ ಯೋಚನೆ ಗೊತ್ತು: ಅಮ್ಮನಿಗೆ ಏನೋ ಆಗಿದೆ. ಏನೂ ಆಗಿಲ್ಲ. ಮಂಡಿನೋವು ಇದ್ದದ್ದೇ. ಹೊಸ ಕನ್ನಡಕ ಬಂದಿದೆ, ಅದೂ ಸರಿಯಿಲ್ಲ. ನಾಲ್ಕು ವರ್ಷದಿಂದ ಮಾತಿಲ್ಲದವಳಿಗೆ ಫೋನು ಮಾಡದೆ ಕಾಗದ ಬರೆಯುತ್ತಿರುವುದೇಕೆಂದರೆ, ಫೋನಿನಲ್ಲಿ ನೀನು ಸುಮ್ಮನಿರುತ್ತೀಯ, ಆ ಮೌನ ತಡೆಯಲಾರದೆ ನಾನು ಏನಾದರೂ ತಮಾಷೆ ಮಾಡುತ್ತೇನೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ. ನನ್ನ ತಮಾಷೆಗಳು ನಿನಗೆ ಸಾಕಾಗಿ ಎಷ್ಟೋ ಕಾಲವಾಯಿತು. ಈಗೀಗ ನನಗೂ ಸಾಕಾಗಿವೆ.

ಪ್ರತಿ ಶನಿವಾರ ಲೈಬ್ರರಿಯ ಮಹಡಿಯ ಮೇಲೆ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತಿದ್ದೇನೆ. ಹದಿನಾಲ್ಕು ಮಕ್ಕಳು, ಗಿಡ್ಡ ಮೇಜುಗಳು, ಬಗ್ಗಿದರೆ ಏಳಲಾರದ ನಾನು. ಬೇರೆ ಏನಾದರೂ ಕಲಿಸುತ್ತೇನೆ ಅಂದರೆ ಲೈಬ್ರರಿಯವರು ಬಿಡಲಿಲ್ಲ. ಈ ಮಕ್ಕಳ ಅಪ್ಪ ಅಮ್ಮಂದಿರೆಲ್ಲ ಮಾಸಪತ್ರಿಕೆಯ ಕೊನೆಯ ಪುಟದಲ್ಲಿ ನಿಮ್ಮ ಉಂಡೆಪುಟ್ಟಿಯ ಚಿತ್ರಕಥೆ ನೋಡಿಕೊಂಡೇ ಬೆಳೆದೋರು, ಅವಳನ್ನೇ ಕಲಿಸಿ ಮೇಡಂ, ಅಂದರು. ಬೇಡ ಅನ್ನಬಹುದಿತ್ತು. ಹೊಗಳಿದರೆ ನಾನು ಎಷ್ಟು ಬೇಗ ಕರಗುತ್ತೇನೆ ಅನ್ನುವುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಪ್ಪಿಕೊಂಡೆ.

ಮೊದಲು ದೊಡ್ಡದೊಂದು ವೃತ್ತ. ಮಕ್ಕಳು ಬರೆದರೆ ಅದು ಆಲೂಗಡ್ಡೆಯಾಗುತ್ತದೆ, ಇಲ್ಲವೇ ಮೊಟ್ಟೆ. ಪರವಾಗಿಲ್ಲ ಅನ್ನುತ್ತೇನೆ. ವೃತ್ತದೊಳಗೆ ತೆಳ್ಳಗೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಕಣ್ಣು ಅಡ್ಡಗೆರೆಯ ಕೆಳಗೇ ಬರಬೇಕು, ಮೇಲೆ ಹೋದರೆ ಮಗುವಿನ ಮುಖ ಹೋಗಿ ಹೆಡ್‌ಮಾಸ್ತರರ ಮುಖ ಬರುತ್ತದೆ. ಮೈಗೆ ತ್ರಿಕೋನ, ಜುಟ್ಟಿಗೆ ಎರಡು ಸಣ್ಣ ವೃತ್ತ, ಕೈಕಾಲಿಗೆ ನಾಲ್ಕು ಆಯತ, ನಗುವಿಗೆ ಅರ್ಧ ವೃತ್ತ. ಕೊನೆಗೆ ಬೇಡದ ಗೆರೆಗಳನ್ನು ಅಳಿಸಬೇಕು. ಅದಕ್ಕೇ ಪೆನ್ಸಿಲ್ಲು ಒತ್ತಬೇಡಿ, ಒತ್ತಬೇಡಿ ಅಂತ ಬಡಿದುಕೊಳ್ಳುತ್ತೇನೆ. ಒಂದು ಮಗುವೂ ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ. ಎರಡು ಗಂಟೆಯಲ್ಲಿ ನನ್ನ ಗಂಟಲು ಕೂತುಹೋಗಿರುತ್ತದೆ, ಬಸ್ಸಿನಲ್ಲಿ ಟಿಕೆಟ್ ಕೇಳಲೂ ದನಿ ಬರುವುದಿಲ್ಲ.

ಮೂರು ವಾರದ ಹಿಂದೆ ಎಲ್ಲರ ವೃತ್ತವೂ ಸೊರಗಿ ಉದ್ದವಾಗುತ್ತಿತ್ತು. ಹೇಳಿ ಹೇಳಿ ಸುಸ್ತಾಗಿದ್ದೆ. ಕಿಟಕಿಯ ಪಕ್ಕ ಒಂಬತ್ತು ವರ್ಷದ ಹುಡುಗಿಯೊಬ್ಬಳು ಕೂರುತ್ತಾಳೆ. ಹದಿನಾಲ್ಕು ಮಕ್ಕಳಲ್ಲಿ ಹಗುರ ಕೈ ಇರುವುದು ಅವಳೊಬ್ಬಳಿಗೇ. ಮೈಕೈ ತುಂಬಿಕೊಂಡ ಮಗು, ತುಂಬುಗೆನ್ನೆ. ಅವಳ ಗದ್ದ ಹಿಡಿದು ಮುಖವನ್ನು ಎಲ್ಲರ ಕಡೆ ತಿರುಗಿಸಿದೆ. ಉಂಡೆಪುಟ್ಟಿ ಮುಖ ಹೇಗಿರ್ಬೇಕು ಅಂದ್ರೆ, ನೋಡ್ರೋ, ಹೀಗೆ, ಅಂದೆ. ಎಲ್ಲರೂ ನಕ್ಕರು. ಮೊದಲು ನಕ್ಕವಳು ನಾನೇ. ಆಮೇಲೆ ಎಲ್ಲರ ವೃತ್ತಗಳೂ ಸರಿಯಾಗಿ ಬಂದವು.

ಅವಳು ಅಳಲಿಲ್ಲ. ರಬ್ಬರು ತೆಗೆದುಕೊಂಡು ತಾನು ಬರೆದಿದ್ದ ಮುಖವನ್ನು ಅಳಿಸತೊಡಗಿದಳು. ಕಾಗದ ತೂತಾಗುವವರೆಗೂ ಉಜ್ಜಿದಳು. ಆಗ ನಾನು ಏನಂದೆ ಗೊತ್ತಾ? ಒತ್ತಬೇಡ ಅಂತ ಹೇಳಿರ್ಲಿಲ್ವಾ ನಾನು, ಅಂದೆ.

ಮುಂದಿನ ಶನಿವಾರ ಅವಳು ಬರಲಿಲ್ಲ. ಉಂಡೆ ಬಂದಿಲ್ಲ ಮಿಸ್, ಅಂತ ಮುಂದಿನ ಸಾಲಿನ ಹುಡುಗಿ ವರದಿ ಒಪ್ಪಿಸಿದಳು. ಎಲ್ಲರೂ ಒಂದೇ ಶಾಲೆಯವರು. ಹೆಸರು ಅಂಟಿಕೊಳ್ಳಲು ಒಂದು ವಾರ ಧಾರಾಳ ಸಾಕಾಗಿತ್ತು. ನಾನು ಬೋರ್ಡಿನ ಕಡೆ ತಿರುಗಿ, ಸೀಮೆಸುಣ್ಣ ಹಿಡಿದು, ಏನೂ ಬರೆಯದೆ ನಿಂತೆ. ಮಕ್ಕಳು ಮುಂದಿನ ಆಕಾರಕ್ಕಾಗಿ ಕಾಯುತ್ತಿದ್ದವು.

ಆ ಬೋರ್ಡಿನ ಮುಂದೆ ನನಗೆ ನೆನಪಾದದ್ದು ನೀನು, ಹನ್ನೊಂದು ವರ್ಷದವಳು. ಬೆನ್ನಿನಿಂದ ಸ್ಕೂಲುಬ್ಯಾಗನ್ನೂ ಇಳಿಸದೆ ನೇರ ನನ್ನ ಮೇಜಿನ ಹತ್ತಿರ ಬಂದು, ಅಮ್ಮಾ ಆ ಉಂಡೆಪುಟ್ಟೀನ ನಿಲ್ಸು, ಅಂದಿದ್ದೆ. ಶಾಲೆಯಲ್ಲಿ ನಿನ್ನ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಮಿಸ್ಸುಗಳೂ ಉಂಡೆಪುಟ್ಟಿ ಅನ್ನುತ್ತಿದ್ದರು, ಮುದ್ದಿಗೆ. ಸಂಪಾದಕರನ್ನ ಕೇಳಿ ನೋಡ್ತೀನಿ ಅಂದೆ. ಎರಡು ದಿನ ಬಿಟ್ಟು, ಅವರು ಸುತಾರಾಂ ಒಪ್ತಿಲ್ಲ ಕಣೇ, ಏನ್ಮಾಡ್ಲಿ, ಅಂದೆ. ನೀನು ತಲೆಯಾಡಿಸಿ ಹೋದೆ. ಆಮೇಲೆ ಎಂದೂ ಆ ಮಾತೆತ್ತಲಿಲ್ಲ.

ನಾನು ಕೇಳಿರಲೇ ಇಲ್ಲ, ಮಗಳೇ. ಕೇಳಿದ್ದರೆ ಅವರು ಒಪ್ಪುತ್ತಿದ್ದರು. ಬೆಕ್ಕಿನ ಕಥೆಯಾದರೂ ಸರಿ, ಏನಾದರೂ ಬರೆದುಕೊಡಿ ಅನ್ನುವಷ್ಟು ಒಳ್ಳೆಯವರು. ಆದರೆ ಬೆಕ್ಕು ಬರೆಯುವವರು ಬೇಕಾದಷ್ಟು ಜನ ಇದ್ದರು. ಉಂಡೆಪುಟ್ಟಿಯ ಅಮ್ಮ ಅಂತ ಜನ ನನ್ನನ್ನು ಗುರುತು ಹಿಡಿಯುತ್ತಿದ್ದರು, ನನಗೆ ಅದು ಬೇಕಾಗಿತ್ತು. ಇನ್ನೂ ಹನ್ನೊಂದು ವರ್ಷ ಬರೆದೆ. ನೀನು ಬೀಳುವುದು, ನೀನು ಕುರ್ಚಿ ಮುರಿಯುವುದು, ನೀನು ಓಟದಲ್ಲಿ ಕೊನೆಗೆ ಬರುವುದು, ಎಲ್ಲ ನಮ್ಮ ಮನೆಯಲ್ಲೇ ಸಿಗುತ್ತಿತ್ತು. ಹೊರಗೆ ಹೋಗಿ ಹುಡುಕುವ ಕಷ್ಟವಿರಲಿಲ್ಲ. ನಿಮ್ಮಪ್ಪ ಒಂದು ಸಲ, ಮಗು ನಗ್ತಾ ಇಲ್ಲ ನೋಡೇ, ಅಂದಿದ್ದರು. ಅವರಿಗೆ ಹಾಸ್ಯಪ್ರಜ್ಞೆ ಇಲ್ಲ ಅಂದುಬಿಟ್ಟೆ.

ನಿನ್ನ ಮದುವೆಯ ಕಾರ್ಡಿನ ಬಗ್ಗೆ ಹೊಸದಾಗಿ ಹೇಳುವುದೇನಿದೆ? ನಿನ್ನನ್ನು ಒಂದು ಮಾತು ಕೇಳದೆ ಮದುಮಗಳ ವೇಷದ ಉಂಡೆಪುಟ್ಟಿಯನ್ನು ಬರೆದು ಅಚ್ಚು ಹಾಕಿಸಿದೆ. ಬಂದವರೆಲ್ಲ ಅದನ್ನೇ ಹೊಗಳಿದರು, ನಾನು ಬೀಗಿದೆ. ನೀನು ಜಗಳವನ್ನೂ ಆಡಲಿಲ್ಲ. ಊಟದ ಹೊತ್ತಿಗೆ ಕೈ ತೊಳೆಯುತ್ತಾ, ಇವತ್ತಾದ್ರೂ ನಾನು ನಾನಾಗಿರ್ಬಹುದು ಅನ್ಕೊಂಡಿದ್ದೆ ಅಮ್ಮ, ಅಂದೆ. ನಾಲ್ಕು ವರ್ಷದಿಂದ ಇದನ್ನು ನಿನ್ನ ಅತಿಸೂಕ್ಷ್ಮತೆ ಅಂತ ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗಿದೆ. ಈಗ ತಿರುಗುವ ಶಕ್ತಿಯೂ ಇಲ್ಲ, ಹೇಳಿಕೊಳ್ಳುವ ಮುಖವೂ ಇಲ್ಲ.

ನಿನ್ನೆ ಆ ಹುಡುಗಿಯ ಮನೆ ಹುಡುಕಿಕೊಂಡು ಹೋದೆ. ಮೂರನೇ ಮಹಡಿ. ಎರಡು ಕಡೆ ಮೆಟ್ಟಿಲ ಮೇಲೇ ಕೂತು ಸುಧಾರಿಸಿಕೊಂಡೆ. ಅವಳಮ್ಮ ಬಟ್ಟೆ ಹೊಲಿಯುವವಳು. ಮೆಷಿನ್ನಿನಿಂದ ಏಳದೆಯೇ, ನೀವೇನಾ ಆ ಮಿಸ್ಸು, ಅಂದಳು. ಮಗು ಆವತ್ತಿನಿಂದ ಅರ್ಧ ಊಟಕ್ಕೇ ಎದ್ದುಬಿಡ್ತಾಳೆ, ಕನ್ನಡಿಗೆ ಟವೆಲ್ ಹೊದಿಸಿದಾಳೆ, ಇಷ್ಟು ವಯಸ್ಸಾಗಿದೆ ನಿಮಗೆ, ಅಷ್ಟೂ ಗೊತ್ತಾಗ್ಲಿಲ್ವಾ, ಅಂದಳು. ಗೊತ್ತಾಗಬೇಕಿತ್ತು ಕಣಮ್ಮ ಅಂದೆ. ಅವಳೂ ಚಿಕ್ಕಂದಿನಲ್ಲಿ ನನ್ನ ಪುಟ ಓದಿದವಳಂತೆ. ನಾವೆಲ್ಲ ಎಷ್ಟು ನಗ್ತಿದ್ವಿ, ಅಂದಳು. ಅದು ಹೊಗಳಿಕೆಯಾಗಿರಲಿಲ್ಲ.

ಮಗು ಒಳಗೆ ಚಿಲಕ ಹಾಕಿಕೊಂಡಿತ್ತು. ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂತೆ. ತಪ್ಪು ನನ್ನದು, ನಿನ್ನ ಮುಖದ್ದಲ್ಲ, ಅಂದೆ. ನನ್ನ ಸ್ವಂತ ಮಗಳಿಗೂ ಹೀಗೇ ಮಾಡಿದ್ದೆ, ಅಂದೆ. ಆಗ ಬಾಗಿಲ ಹತ್ತಿರ ಕಾಲ ಸಪ್ಪಳವಾಯಿತು. ಒಳಗಿನಿಂದ ಏನೋ ಕೇಳಿದಳು, ನಾನು ಏನೋ ಹೇಳಿದೆ, ಬಾಗಿಲು ತೆರೆದಳು. ಈ ಶನಿವಾರ ಬರುತ್ತಾಳಂತೆ. ಬರುವಾಗ ಲೈಬ್ರರಿಗೂ ಹೋಗಿ, ಉಂಡೆಪುಟ್ಟಿ ಇನ್ನು ಮುಗಿಯಿತು ಅಂತ ಹೇಳಿ ಬಂದೆ. ಈ ಸಲ ನಿಜವಾಗಿಯೂ ಹೇಳಿದೆ. ಅವರು ಮೂಗು ಮುರಿದರು. ಮುರಿಯಲಿ. ಶನಿವಾರ ಕೆಟಲು, ಬಸ್ಸು, ಕೊಡೆ, ಏನಾದರೂ ಬರೆಸುತ್ತೇನೆ. ಆದರೆ ಹದಿಮೂರು ಮಕ್ಕಳ ಬಾಯಿಂದ ಆ ಹೆಸರನ್ನು ಬಿಡಿಸುವುದು ಹೇಗೆಂದು ಗೊತ್ತಿಲ್ಲ. ಗೊತ್ತಿರುವವಳು ನೀನೊಬ್ಬಳೇ ಅನಿಸಿತು. ಆವತ್ತು ನಾನು ಏನು ಮಾಡಿದ್ದರೆ ನಿನಗೆ ಆಸರೆಯಾಗುತ್ತಿತ್ತು? ಒಂದು ಸಾಲು ಬರೆದರೂ ಸಾಕು. ಬರೆಯದಿದ್ದರೂ ಬೇಜಾರಿಲ್ಲ.

ಇಲ್ಲ, ಬೇಜಾರಿದೆ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೋ ಅಂತ ಕೇಳುವ ಧೈರ್ಯ ಮಾತ್ರ ಇಲ್ಲ.

ನಿನ್ನನ್ನು ಸರಿಯಾಗಿ ಒಮ್ಮೆಯೂ ನೋಡದೆ ಹದಿನೇಳು ವರ್ಷ ಬರೆದ,
ನಿನ್ನ ಅಮ್ಮ

ತಾ.ಕ.: ಬಾಗಿಲು ಯಾಕೆ ತೆರೆಯಿತು ಅನ್ನುವುದನ್ನು ಬರೆಯದೆಯೇ ಲಕೋಟೆ ಅಂಟಿಸಲಿದ್ದೆ. ಆ ಮಗು ಕೇಳಿದ್ದು, ನಿಮ್ಮ ಮಗಳು ಈಗ ನಿಮ್ಮ ಜೊತೆ ಮಾತಾಡ್ತಾಳಾ, ಅಂತ. ಹೂಂ ಪುಟ್ಟಾ, ದಿನಾ ಮಾತಾಡ್ತಾಳೆ, ಯಾವಾಗಲೋ ಕ್ಷಮಿಸಿಬಿಟ್ಟಳು, ಅಂದೆ. ಚಿಲಕ ತೆಗೆದದ್ದು ಆ ಮಾತಿಗೆ. ಶನಿವಾರ ಉಳಿದವರು ಬರುವ ಮೊದಲೇ ಅವಳನ್ನು ಕೂರಿಸಿಕೊಂಡು, ನಾನು ಹೇಳಿದ್ದು ಸುಳ್ಳು ಅನ್ನುತ್ತೇನೆ. ಅವಳು ಎದ್ದು ಹೋಗಬಹುದು. ಹೋಗಲಿ, ಹೋಗುವ ಹಕ್ಕು ಅವಳಿಗಿದೆ. ನಿನಗೂ ಇತ್ತು.