ಬೋಳಣ್ಣ ಬಿಟ್ಟ ಗೀರು

ಅಂಗಡಿಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಕೆಮ್ಮು ಹೋಯಿತೇ? ಹೊಸ ಕೆಲಸದಲ್ಲಿ ದಿನವಿಡೀ ನಿಂತೇ ಇರಬೇಕಂತೆ, ನಿನ್ನ ಚಿಕ್ಕಮ್ಮ ಹೇಳಿದಳು. ಮನೆಗೆ ಬಂದ ಮೇಲೆ ಕಾಲನ್ನು ಬಿಸಿನೀರಿನಲ್ಲಿ ಇಟ್ಟುಕೋ. ನಾನು ಚೆನ್ನಾಗಿದ್ದೇನೆ. ಕಣ್ಣು ಮಾತ್ರ ಮುಷ್ಕರ ಹೂಡಿದೆ, ಒಂದು ಅರ ಹಿಡಿದರೆ ಎರಡು ಕಾಣುತ್ತವೆ. ಬೀದಿಯವರು ಈಗಲೂ ಬೀಗದಮ್ಮ ಎಂದೇ ಕರೆಯುತ್ತಾರೆ.

ನಿನ್ನೆ ಒಬ್ಬ ಮೇಷ್ಟ್ರು ಹಳೆಯ ಪೆಟ್ಟಿಗೆ ತಂದು, ಕೀಲಿಕೈ ಕಳೆದಿದೆ, ಬೀಗ ತೆಗೆದುಕೊಡಿ ಎಂದರು. ನಿನ್ನ ಅಜ್ಜ ಮಾಡಿದ ಬೋಳು ಕೀಲಿಕೈಯನ್ನು, ನೀನು ಬೋಳಣ್ಣ ಎಂದು ಹೆಸರಿಟ್ಟಿದ್ದೆಯಲ್ಲ, ಅದನ್ನು ಕೈಗೆತ್ತಿಕೊಂಡೆ. ಹಾಕಲು ಮನಸ್ಸು ಬರಲಿಲ್ಲ, ಅವರನ್ನು ಬೇರೆ ಅಂಗಡಿಗೆ ಕಳಿಸಿದೆ. ಚಿಕ್ಕವಳಿದ್ದಾಗ ನನ್ನ ಪಕ್ಕ ಸ್ಟೂಲಿನ ಮೇಲೆ ಕೂತು ಎಷ್ಟು ಪ್ರಶ್ನೆ ಕೇಳುತ್ತಿದ್ದೆ! ಹಳೇ ಬೀಗದ ಹೊಟ್ಟೆಯಲ್ಲಿ ಅಡ್ಡ ತಗಡುಗಳಿರುತ್ತವೆ, ಅವು ನುಸುಳುವಂಥ ಸೀಳು ಹಲ್ಲಿನಲ್ಲಿದ್ದರೆ ಮಾತ್ರ ಕೀಲಿಕೈ ತಿರುಗುತ್ತದೆ ಎಂದು ತೋರಿಸಿದ್ದೆ. ಹಾಗಾದರೆ ಬೋಳಣ್ಣ ಹೇಗೆ ತಿರುಗುತ್ತಾನೆ ಎಂದೆ ನೀನು. ಅಜ್ಜ ಅವನ ಹಲ್ಲನ್ನೆಲ್ಲ ಅರದಿಂದ ಉಜ್ಜಿ ತೆಗೆದು, ಕೊಂಡಿಯನ್ನು ಹಿಡಿದಿಟ್ಟ ಸ್ಪ್ರಿಂಗನ್ನು ತಳ್ಳುವ ತುದಿಯಷ್ಟೇ ಉಳಿಸಿದ್ದಾರೆ, ತಗಡಿಗೆ ತಾಗಲು ಅವನಲ್ಲಿ ಏನೂ ಇಲ್ಲ ಎಂದೆ ನಾನು. "ಹಾಗಾದ್ರೆ ಅವ್ನು ಕಳ್ಳ ಅಲ್ವೇನಮ್ಮಾ?" ಎಂದು ಕೇಳಿದ್ದೆ. "ಬೀಗದ ಯಜಮಾನ್ರು ಎದುರಿಗಿದ್ರೆ ಅಲ್ಲ" ಎಂದಿದ್ದೆ ನಾನು. ನಮ್ಮ ಅಂಗಡಿಯ ಕಟ್ಟಳೆ ಅದೊಂದೇ.

ಆ ಕಟ್ಟಳೆಯನ್ನು ನೀನು ಮನೆ ಬಿಟ್ಟ ದಿನ ನಾನೇ ಮುರಿದೆ, ಬೋಳಣ್ಣನನ್ನು ಹಾಕಿ ನಿನ್ನ ಪೆಟ್ಟಿಗೆಯ ಬೀಗ ತೆಗೆದೆ. ನೀನು ಸ್ನಾನಕ್ಕೆ ಹೋಗಿದ್ದೆ. ಮಗಳು ಏನನ್ನೋ ಬಚ್ಚಿಡುತ್ತಿದ್ದಾಳೆ ಎಂಬ ಭಯ ತಲೆಗೆ ಹತ್ತಿತ್ತು. ಒಳಗಿದ್ದದ್ದು ಕೆಲಸ ಸಿಕ್ಕಿದ ಕಾಗದ, ಅಷ್ಟೇ. ಊಟಕ್ಕೆ ಕೂತಾಗ ನೀನು ಬಾಯಿ ಬಿಡುವ ಮೊದಲೇ "ಅಷ್ಟು ದೂರ ಹೋಗ್ಬೇಡ ಕಣೇ" ಎಂದುಬಿಟ್ಟೆ. "ನಿಂಗೆ ಯಾರು ಹೇಳಿದ್ರು?" ಎಂದೆ ನೀನು. ಅಂಚೆಯವನ ತಲೆಗೆ ಕಟ್ಟಿದೆ. ನೀನು ಎದ್ದು ಪೆಟ್ಟಿಗೆಯ ಹತ್ತಿರ ಹೋದೆ. ಬೀಗ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು, ನಾನೇ ಕಲಿಸಿದಂತೆ ಒಳಗೆ ಇಣುಕಿದೆ. ಅವಸರದಲ್ಲಿ ನಾನು ಬೋಳಣ್ಣನನ್ನು ಓರೆಯಾಗಿ ತೂರಿಸಿದ್ದೆ. ತಗಡಿನ ಮೇಲೆ ಹೊಸ ಗೀರು ಬಿದ್ದಿತ್ತು. ನೀನು ಬೀಗವನ್ನು ಒತ್ತಿ ಮುಚ್ಚಿ ಮೇಜಿನ ಮೇಲಿಟ್ಟು, ಪೆಟ್ಟಿಗೆ ಎತ್ತಿಕೊಂಡು ಹೊರಟೆ. ತಡೆಯಲು ನನಗೆ ಮುಖವಿರಲಿಲ್ಲ.

ಕಾಗದ ಓದಿದ್ದಕ್ಕಿಂತ ಸುಳ್ಳು ಹೇಳಿದ್ದು ಹೆಚ್ಚು ಸುಡುತ್ತಿದೆ. ತಪ್ಪು ನನ್ನದೇ, ಮಗಳೇ. ಇಷ್ಟು ಬರೆಯಲು ಆರು ತಿಂಗಳು ಬೇಕಾಯಿತು. ಕೆಲಸ ಬಿಟ್ಟು ಬಾ ಎನ್ನುವುದಿಲ್ಲ. ಎಲ್ಲಿದ್ದರೂ ಚೆನ್ನಾಗಿರು, ಹೊತ್ತು ಮೀರದಂತೆ ಉಣ್ಣು.

ನಿನ್ನ ಅಮ್ಮ

ತಾ.ಕ.: ಕವರಿನಲ್ಲಿ ಗಟ್ಟಿಯಾಗಿ ಕೈಗೆ ಸಿಗುವುದು ಬೋಳಣ್ಣ. ಇನ್ನು ನೀನೇ ಇಟ್ಟುಕೋ. ನೀನು ಬಿಟ್ಟುಹೋದ ಬೀಗ ಮುಚ್ಚಿದ ಹಾಗೇ ಅಂಗಡಿಯ ಮೊಳೆಯಲ್ಲಿ ತೂಗುತ್ತಿದೆ, ಗೀರೂ ಹಾಗೇ ಇದೆ. ಅದರ ಕೀಲಿಕೈ ನಿನ್ನ ಹತ್ತಿರವೇ ಇದೆಯಲ್ಲ. ಯಜಮಾನಿ ಎದುರಿಗೆ ಬಂದು ನಿಲ್ಲುವವರೆಗೆ ನಾನು ಅದನ್ನು ಮುಟ್ಟುವುದಿಲ್ಲ.