ತೆರೆದ ಕಿಟಕಿ

ಮಾರ್ಚ್ ೧೪, ಶುಕ್ರವಾರ.

ಕೈ ಇನ್ನೂ ತುಕ್ಕಿನ ವಾಸನೆ ಹೊಡೆಯುತ್ತಿದೆ. ತೊಳೆಯಲು ಮನಸ್ಸಿಲ್ಲ. ಗೆದ್ದೆ!

ಹನ್ನೊಂದು ವರ್ಷದಿಂದ, ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ದ್ರಾವಕ ಬಟ್ಟಿ ಇಳಿಸಿದ ದಿನವೆಲ್ಲ ಅದರ ಹಿಂದಿರುವ ನಮ್ಮ ಓಣಿಗೆ ಘಾಟು. ಸೆಕೆಗೆ ದ್ರಾವಕ ಆವಿಯಾಗಿ ಹೋಗುತ್ತದೆ ಎಂದು ಎಲ್ಲರೂ ಬಿಸಿಲನ್ನೇ ಬೈದರು. ಆವಿಯನ್ನು ತಣಿಸಬೇಕಾದ ಕಂಡೆನ್ಸರಿಗೆ ನೀರು ಮೇಲಿನಿಂದ ಬಂದು, ತುಂಬುವ ಮೊದಲೇ ಕೆಳಗೆ ಹರಿದುಹೋಗುತ್ತಿತ್ತು. ಅರ್ಧ ಆವಿ ಗಾಳಿಯ ಪಾಲು. ಕೆಳಗಿನಿಂದ ನೀರು ಬಿಡಿ, ಆಗ ತುಂಬಿಕೊಂಡು ಹರಿಯುತ್ತದೆ ಎಂದು ತಿಂಗಳಿಂದ ಬಡಕೊಂಡೆ.

"ನೀರು ಮೇಲಿಂದ ಕೆಳಗೆ ತಾನೇ ಹರಿಯೋದು? ಅದಕ್ಕೂ ಪಾಠ ಹೇಳ್ತೀಯಾ?" ಎಂದು ಕಾರ್ಖಾನೆಯ ಫಿಟ್ಟರಣ್ಣ ನಕ್ಕಿದ್ದ.

ಇವತ್ತು ಮ್ಯಾನೇಜರ್ ಹೂಂ ಅಂದದ್ದೇ ತಡ, ನಾನೇ ಸ್ಪ್ಯಾನರ್ ಹಿಡಿದು ನೀರು ಬರುವ, ಹೋಗುವ ಎರಡು ಪೈಪುಗಳನ್ನು ಅದಲುಬದಲು ಮಾಡಿದೆ. ಸಂಜೆಗೆ ದ್ರಾವಕದ ಪೀಪಾಯಿ ಕತ್ತಿನವರೆಗೆ ತುಂಬಿತ್ತು. ಹಿಂದೆಂದೂ ಅರ್ಧ ದಾಟಿದ್ದಿಲ್ಲ. ಫಿಟ್ಟರಣ್ಣ ಮೂಗೆತ್ತಿ ಗಾಳಿ ಮೂಸಿದ. ಆಮೇಲೆ ಮೆಲ್ಲಗೆ, "ಆ ಪೈಪು ಹಾಕಿದ್ದು ನಾನೇ ಕಣಮ್ಮ" ಎಂದ. ಪಾಪ ಅನ್ನಿಸಿತು, ಆದರೂ ನಗು ತಡೆಯಲಾಗಲಿಲ್ಲ.

ಮನೆಗೆ ಬಂದರೆ ಅತ್ತೆ ಕಿಟಕಿಗಳನ್ನೆಲ್ಲ ತೆರೆದಿಟ್ಟು ಬಾಗಿಲಲ್ಲೇ ನಿಂತಿದ್ದರು.

"ಘಾಟೇ ಇಲ್ಲ, ಇವತ್ತು ಫ್ಯಾಕ್ಟರಿಗೆ ರಜ ತಾನೇ? ಮತ್ತೆ ಇಷ್ಟೊತ್ತು ಎಲ್ಲಿ ತಿರುಗ್ತಿದ್ದೆ?"

ಘಾಟೇ ಇಲ್ಲ ಅಂತ ಇನ್ನೊಮ್ಮೆ ಬೈಯಲಿ ಎಂದು ಕಾಯುತ್ತ ನಿಂತೆ.