ಗಂಟೆ ಬಾರಿಸದ ನನ್ನ ತಾತನ ಫಲಕ

ರಾಜ್ಯದ ಐತಿಹಾಸಿಕ ಫಲಕಗಳ ಮುಖ್ಯಾಧಿಕಾರಿಗಳೇ,

ನಾನು ಸುಳ್ಳು ಬರೆದಿದ್ದೇನೆ. ಅದನ್ನು ಒಪ್ಪಿಕೊಂಡು ತಮಗೆ ನಾಲ್ಕು ಪತ್ರ ಹಾಕಿದ್ದೇನೆ, ಮೂರು ಸಲ ಫೋನ್ ಮಾಡಿದ್ದೇನೆ, ಒಮ್ಮೆ ಇನ್ನೂರು ಮೈಲಿ ಕಾರು ಓಡಿಸಿಕೊಂಡು ಬಂದು ತಮ್ಮ ಕಚೇರಿಯ ಮುಚ್ಚಿದ ಬಾಗಿಲನ್ನು ಊಟದ ವಿರಾಮದ ಉದ್ದಕ್ಕೂ ನೋಡಿ ವಾಪಸಾಗಿದ್ದೇನೆ. ತಾವು ಮಾತ್ರ ನನ್ನನ್ನು ಸತ್ಯವಂತನೆಂದೇ ನಂಬಿ ಕೂತಿದ್ದೀರಿ. ಎಪ್ಪತ್ತಾರು ವರ್ಷಗಳಲ್ಲಿ ನನ್ನ ಮಾತಿಗೆ ಇಷ್ಟು ಬೆಲೆ ಕೊಟ್ಟವರು ಬೇರೆ ಯಾರೂ ಇಲ್ಲ, ನನ್ನ ಹೆಂಡತಿಯಂತೂ ಖಂಡಿತ ಕೊಟ್ಟಿಲ್ಲ. ಹಾಗಾಗಿ ಈಗ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ. ಬರುವ ಸೆಪ್ಟೆಂಬರಿನಲ್ಲಿ ನಮ್ಮ ಲೇರ್‌ಹೋಫ್‌ನ ಮುಖ್ಯ ಬೀದಿಯಲ್ಲಿ ತಾವು ನಿಲ್ಲಿಸಲಿರುವ ಕಂಚಿನ ಫಲಕದಲ್ಲಿ ಇರುವುದು ಇತಿಹಾಸವಲ್ಲ. ಅದು ನಾನು ಅಡುಗೆಮನೆಯಲ್ಲಿ ಹದಿನೈದು ನಿಮಿಷದಲ್ಲಿ ಕಟ್ಟಿದ ಕಥೆ.

ಫಲಕದ ಒಕ್ಕಣೆ ತಮಗೆ ಬಾಯಿಪಾಠ ಇರಬಹುದು. 1951ರ ಆಗಸ್ಟ್‌ನ ಒಂದು ಭಾನುವಾರ ಮಧ್ಯಾಹ್ನ ಧಾನ್ಯದ ಗೋದಾಮಿಗೆ ಬೆಂಕಿ ಬಿದ್ದಾಗ ಅಗ್ನಿಶಾಮಕ ದಳದ ಧೀರ, ದೂರದರ್ಶಿ ಹಾಗೂ ನಿಸ್ವಾರ್ಥ ನಾಯಕ ಹಿನ್ರಿಕ್ ಮೈಂಟ್ಸ್ ಅವರು ಚರ್ಚಿನ ಗಂಟೆ ಬಾರಿಸಿ ಊರನ್ನು ಉಳಿಸಿದರಂತೆ. ಹಿನ್ರಿಕ್ ಮೈಂಟ್ಸ್ ನನ್ನ ತಾತ. ಆ ವಾಕ್ಯದಲ್ಲಿ ಬೆಂಕಿ ನಿಜ, ಭಾನುವಾರ ನಿಜ, ತಾತನ ಹೆಸರಿನ ಕಾಗುಣಿತ ನಿಜ.

ನಡೆದದ್ದು ಇಷ್ಟು. 1982ರಲ್ಲಿ ಊರಿಗೆ ನೂರು ತುಂಬಿತು. ಈ ಕಡೆಯ ಎಲ್ಲ ಊರುಗಳಂತೆ ನಾವೂ ಒಂದು ಶತಮಾನೋತ್ಸವದ ಪುಸ್ತಕ ಮಾಡಿದೆವು. ಒಂದೊಂದು ಮನೆತನಕ್ಕೆ ಅರ್ಧರ್ಧ ಪುಟ, ಅದರೊಳಗೆ ಅವರವರ ಹೊಗಳಿಕೆ ಅವರವರದೇ. ನನ್ನನ್ನು ಸಂಪಾದಕನನ್ನಾಗಿ ಆರಿಸಿದ್ದು ನನಗೆ ಬರೆಯಲು ಬರುತ್ತದೆಂದಲ್ಲ. ಟೈಪ್‌ರೈಟರ್ ಇದ್ದ ಮೂವರಲ್ಲಿ ಉಳಿದಿಬ್ಬರು ಆ ಸಭೆಗೆ ಬಂದಿರಲಿಲ್ಲ. ಮೆಕ್ಕೆಜೋಳದ ಬಿತ್ತನೆಯ ದಿನಗಳು, ನಾನು ಕೈತೊಳೆಯದೆ ಊಟಕ್ಕೆ ಕೂತಿದ್ದೆ. ಆಗ ಮುದ್ರಕ ಫೋನ್ ಮಾಡಿ, “ಎಂಬತ್ಮೂರನೇ ಪುಟದಲ್ಲಿ ಅಂಗೈಯಗಲ ಖಾಲಿ ಉಳಿದಿದೆ ವೆಂಡೆಲ್. ಏನಾದ್ರೂ ಕೊಡ್ತೀಯೋ, ಇಲ್ಲ ಹೂಗುಚ್ಛದ ಚಿತ್ರ ಹಾಕ್ಲೋ?” ಎಂದ. ಹೂಗುಚ್ಛ ಹಾಕಪ್ಪ ಎಂದಿದ್ದರೆ ಇವತ್ತು ತಮಗೂ ನನಗೂ ಈ ತಾಪತ್ರಯ ಇರುತ್ತಿರಲಿಲ್ಲ. ತಾತ ತೀರಿಕೊಂಡು ಮೂರು ವರ್ಷವಾಗಿತ್ತು, ನನಗೆ ಅವರೆಂದರೆ ಪ್ರಾಣ. ಬೆಂಕಿಯ ಮಾತು ಬಂದಾಗಲೆಲ್ಲ ಅವರು ಮೆಲ್ಲಗೆ ಎದ್ದು ಮೋಡ ನೋಡಲು ಅಂಗಳಕ್ಕೆ ಹೋಗಿಬಿಡುತ್ತಿದ್ದರು. ಅದನ್ನು ನಾನು ವಿನಯ ಎಂದುಕೊಂಡೆ. ಆ ವಿನಯವಂತನಿಗೆ ಸಲ್ಲಬೇಕಾದ್ದನ್ನು ಮೊಮ್ಮಗನಾದರೂ ಸಲ್ಲಿಸಲಿ ಎಂದು ಟೈಪ್‌ರೈಟರ್ ಕುಟ್ಟಿದೆ. ಗಂಟೆ ಎಲ್ಲಿಂದ ಬಂತೆಂದು ಕೇಳಬೇಡಿ, ಚರ್ಚು ಕಿಟಕಿಯಿಂದ ಕಾಣುತ್ತಿತ್ತು.

ಆಮೇಲಿನದು ತಮಗೇ ಗೊತ್ತು. 1994ರಲ್ಲಿ ಕೌಂಟಿಯ ವಾರಪತ್ರಿಕೆ ‘ನಮ್ಮ ಹಿಂದಿನವರು’ ಅಂಕಣದಲ್ಲಿ ನನ್ನ ಪುಸ್ತಕವನ್ನು ನಕಲು ಮಾಡಿತು. ಪ್ರವಾಸಿಗರ ಕೈಪಿಡಿಯೊಂದು ವಾರಪತ್ರಿಕೆಯನ್ನು ನಕಲು ಮಾಡಿತು. ನಾನು ಫಲಕಕ್ಕೆ ಅರ್ಜಿ ಹಾಕಿದಾಗ ತಾವು ಅಚ್ಚಾದ ಎರಡು ಆಧಾರ ಕೇಳಿದಿರಿ, ನಾನು ಎದೆಯುಬ್ಬಿಸಿ ಮೂರು ಕೊಟ್ಟೆ. ನನ್ನ ಸುಳ್ಳಿಗೆ ಮೂವರು ಸಾಕ್ಷಿಗಳು, ಮೂವರೂ ನನ್ನ ಹೊಟ್ಟೆಯಲ್ಲೇ ಹುಟ್ಟಿದವರು. ತಮ್ಮ ತಜ್ಞರ ಸಮಿತಿ ‘ದಾಖಲೆಗಳು ಪರಸ್ಪರ ತಾಳೆಯಾಗುತ್ತವೆ’ ಎಂದು ಮೆಚ್ಚಿಕೊಂಡಿತು. ತಾಳೆಯಾಗದೆ ಎಲ್ಲಿಗೆ ಹೋದಾವು, ಸ್ವಾಮಿ?

ಒಪ್ಪಿಗೆಯ ಪತ್ರ ಬಂದ ದಿನ ನಾನು ನೆಲದ ಮೇಲೆ ಇರಲಿಲ್ಲ. ಸಹಕಾರ ಸಂಘದಲ್ಲಿ ಬೆಳಗಿನ ಕಾಫಿಗೆ ಸೇರುವವರೆದುರು, ರೇಡಿಯೋದಲ್ಲಿ ಚಿಕಾಗೋದ ಮೆಕ್ಕೆಜೋಳದ ದರ ಬರುತ್ತಿರುವಾಗಲೇ ಅದನ್ನು ಗಟ್ಟಿಯಾಗಿ ಓದಿದೆ. ಅಷ್ಟಕ್ಕೆ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಮಧ್ಯಾಹ್ನ ಊರಿನ ವೃದ್ಧಾಶ್ರಮಕ್ಕೂ ಹೋದೆ, ಹಳಬರಿಗೆ ಸಂತೋಷವಾಗಲಿ ಎಂದು. ಅಲ್ಲಿ ಟಾಲ್ಕಾ ಐಲರ್ಸ್ ಇದ್ದಾರೆ, ವಯಸ್ಸು ತೊಂಬತ್ತೆರಡು. ಬೆಂಕಿ ಬಿದ್ದ ಕಾಲದಲ್ಲಿ ಅವರು ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದ ಹತ್ತೊಂಬತ್ತರ ಹುಡುಗಿ. ನನ್ನ ಪುಸ್ತಕದಲ್ಲಿ ಅವರ ಬಗ್ಗೆ ಒಂದೂವರೆ ಸಾಲಿದೆ: ‘ಕೆಲಕಾಲ ಟೆಲಿಫೋನ್ ನೋಡಿಕೊಂಡರು, ಇಂಪಾಗಿ ಹಾಡುತ್ತಿದ್ದರು.’ ಅವರಿಗೆ ಹಾಡಲು ಬರುವುದಿಲ್ಲ. ನಾನು ಓದಿ ಮುಗಿಸಿದೆ.

“ಏನಂದೆ? ಗಂಟೆ ಬಾರಿಸಿದ್ನಾ? ಇನ್ನೊಂದ್ಸಲ ಓದು, ನಂಗೆ ಕಿವಿ ಸರಿಯಾಗಿ ಕೇಳಲ್ಲ.”

ಓದಿದೆ.

“ಹಾಗಾದ್ರೆ ಸರಿಯಾಗೇ ಕೇಳಿದೆ. ಲೋ ವೆಂಡೆಲ್, ಅವತ್ತು ಆ ಗಂಟೆಗೆ ಹಗ್ಗಾನೇ ಇರ್ಲಿಲ್ವಲ್ಲೋ. ಬೇಸ್‌ಬಾಲ್ ಆದ್ಮೇಲೆ ಹಗ್ಗ ಜಗ್ಗಾಟ ಇಟ್ಕೊಂಡಿದೀವಿ ಅಂತ ಊರಿನ ಗಂಡಸ್ರೆಲ್ಲ ಬಿಚ್ಕೊಂಡು ಹೋಗಿದ್ರು.”

“ಮತ್ತೆ ತಾತ ಎಲ್ಲಿದ್ರು ಅಕ್ಕಾ?”

“ಎಲ್ಲಿರ್ತಾನೆ? ಹಗ್ಗದ ಜೊತೆಗೇ. ಹನ್ನೆರಡು ಮೈಲಿ ಆಚೆ, ಪಕ್ಕದೂರಿನ ಮೈದಾನದಲ್ಲಿ. ಅವತ್ತು ಊರು ಕಾಯೋ ಪಾಳಿ ಅವಂದೇ. ಅಗ್ನಿಶಾಮಕದ ಶೆಡ್ಡಿಗೆ ಬೀಗ ಜಡಿದು, ಬೀಗದ ಕೈ ಜೇಬಿಗೆ ಹಾಕ್ಕೊಂಡು ಅಂಪೈರಿಂಗ್ ಮಾಡೋಕೆ ಹೋಗಿದ್ದ. ಅಂಪೈರು ನಮ್ಮವನೇ ಆದ್ರೂ ಸೋತು ಬಂದ್ರು, ಅದು ಬೇರೆ ಮಾತು.”

“ತಾತಂಗೆ ಸುದ್ದಿ ಹೋಗ್ಲಿಲ್ವಾ?”

“ಹೋಗದೆ ಏನು? ನಾನೇ ಆ ಊರಿನ ಎಕ್ಸ್‌ಚೇಂಜಿನ ಹುಡುಗೀನ ಮೈದಾನಕ್ಕೆ ಓಡಿಸ್ದೆ. ಅವಳು ಏದುಸಿರು ಬಿಟ್ಕೊಂಡು ವಾಪಸ್ ಬಂದು ಹೇಳ್ತಾಳೆ, ಟಾಲ್ಕಾ ಯಾವಾಗ್ಲೂ ಗಾಬರಿ ಬೀಳ್ತಾಳೆ, ಈ ಇನ್ನಿಂಗ್ಸ್ ಮುಗೀಲಿ ಅಂದ್ರು, ಅಂತ.”

ಮಾನ್ಯರೇ, ನಮ್ಮ ಇತಿಹಾಸ ಸಂಘದ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ಆ ಬೀಗದ ಕೈ ಇದೆ. ನೀಲಿ ಮಖಮಲ್ಲಿನ ಮೇಲೆ ಇಟ್ಟಿದ್ದೇನೆ. ಕೆಳಗೆ ‘ಊರನ್ನುಳಿಸಿದ ಬೀಗದ ಕೈ’ ಎಂದು ನನ್ನ ಕೈಬರಹದಲ್ಲೇ ಚೀಟಿ ಇದೆ. ಶಾಲೆಯ ಮಕ್ಕಳು ವರ್ಷ ವರ್ಷವೂ ಸಾಲಾಗಿ ಬಂದು ಅದನ್ನು ನೋಡಿಕೊಂಡು ಹೋಗಿದ್ದಾರೆ.

ಹಾಗಾದರೆ ಬೆಂಕಿ ಆರಿಸಿದ್ದು ಯಾರು ಎಂದು ಕೇಳಿದೆ. ಗೋದಾಮಿನ ಎದುರಿನ ಮಹಡಿಯಲ್ಲೇ ಎಕ್ಸ್‌ಚೇಂಜು. ಕಾವಿಗೆ ಕಿಟಕಿಯ ಗಾಜು ಸಿಡಿಯುತ್ತಿದ್ದಾಗ ಟಾಲ್ಕಾ ತಲೆಗೆ ಒದ್ದೆ ಟವೆಲು ಸುತ್ತಿಕೊಂಡು ಸ್ವಿಚ್‌ಬೋರ್ಡಿನ ಮುಂದೆಯೇ ಕೂತಿದ್ದರು.

“ಊರೋರ ಫೋನ್ ಮಾತೆಲ್ಲ ನಾನು ಕದ್ದು ಕೇಳ್ತಿದ್ನಲ್ಲ, ಅದು ಅವತ್ತು ಉಪಯೋಗಕ್ಕೆ ಬಂತು,” ಎಂದರು. “ಯಾರ ಅಂಗಳದಲ್ಲಿ ಟ್ರಕ್ ಇದೆ, ಯಾರಿಗೆ ಗೇರ್ ಹಾಕೋಕೆ ಬರುತ್ತೆ, ಯಾರ ಮನೆ ದನದ ತೊಟ್ಟೀಲಿ ನೀರಿದೆ, ಎಲ್ಲಾ ಗೊತ್ತಿತ್ತು ನಂಗೆ. ಹಾಲಿನ ಕ್ಯಾನಿಗೆಲ್ಲ ನೀರು ತುಂಬ್ಕೊಂಡು ಬನ್ರೇ ಅಂದೆ. ಹನ್ನೊಂದು ಜನ ಹೆಂಗಸ್ರು ಬಂದ್ರು. ಅರ್ಧ ಗೋದಾಮು ಹೋಯ್ತು, ಬೀದಿ ಉಳೀತು. ಎಲ್ಲರಿಗಿಂತ ಮೊದ್ಲು ಬಂದೋಳು ಯಾರು ಹೇಳು? ನಿಮ್ಮಜ್ಜಿ ಫ್ರೌಕೆ. ನಿಮ್ಮ ತಾತನ ಹೊಸ ಟ್ರಕ್ ತಗೊಂಡು ಬಂದು ಅಂಚೆ ಕಚೇರಿ ಕಂಬಕ್ಕೆ ಗುದ್ದಿದ್ಲು.”

ಆ ಟ್ರಕ್ಕಿನ ಸೊಟ್ಟ ಬಂಪರು ನನಗೆ ಗೊತ್ತು. ಅದಕ್ಕೆ ಹಸು ಗುದ್ದಿತ್ತು ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದೆವು. ತಾತ ಆ ಹಸುವನ್ನು ಮಾರಿಯೂ ಬಿಟ್ಟರು. ಅಜ್ಜಿಯ ಬಗ್ಗೆ ನನ್ನ ಪುಸ್ತಕದಲ್ಲಿ ಏನಿದೆ ಗೊತ್ತೇ? ‘ಹಿನ್ರಿಕ್ ಅವರ ಶ್ರೀಮತಿ, ಸೇಬಿನ ಪೈ ಮಾಡುವುದರಲ್ಲಿ ಎತ್ತಿದ ಕೈ.’ ಅವರ ಹೆಸರನ್ನೂ ನಾನು ಹಾಕಿಲ್ಲ. ನನ್ನನ್ನು ಎತ್ತಿ ಆಡಿಸಿದ ಅಜ್ಜಿ, ಸ್ವಾಮಿ. ಅವರ ಪಕ್ಕ ಎಷ್ಟು ಸಾವಿರ ಸಲ ಕೂತು ಊಟ ಮಾಡಿದ್ದೇನೆ, ಒಮ್ಮೆಯೂ ಏನನ್ನೂ ಕೇಳಲಿಲ್ಲ. ಈ ಮಾತು ಬರೆಯುವಾಗ ನನಗೆ ನಿಜಕ್ಕೂ ನಾಚಿಕೆಯಾಗುತ್ತಿದೆ.

“ಇಷ್ಟು ವರ್ಷ ಯಾಕಕ್ಕಾ ಯಾರೂ ಬಾಯಿ ಬಿಡ್ಲಿಲ್ಲ?” ಎಂದೆ.

“ಏನಂತ ಬಿಡೋದು? ಬೆಂಕಿ ಆರಿತ್ತು, ಹಾಲು ಕರೆಯೋ ಹೊತ್ತಾಗಿತ್ತು. ಮನೆಗೆ ಹೋದ್ರು.”

“ನೀವು?”

“ನಾನು ಅಲ್ಲೇ ಕೂತಿದ್ದೆ. ಗಂಡಸ್ರು ಬಂದು ಏನಾಯ್ತು ಏನಾಯ್ತು ಅಂತ ಒಬ್ಬರಾದ್ಮೇಲೆ ಒಬ್ರು ಫೋನ್ ಮಾಡ್ತಿದ್ರಲ್ಲ, ಅದಕ್ಕೂ ಯಾರಾದ್ರೂ ಬೇಕಿತ್ತು.”

ಮುದುಕಿಯ ನೆನಪನ್ನು ನಂಬುವುದು ಹೇಗೆ ಎನ್ನುತ್ತೀರಿ. ನಾನೂ ಅದನ್ನೇ ಅಂದುಕೊಂಡೆ. ತಾತನನ್ನು ಉಳಿಸಿಕೊಳ್ಳುವ ಆಸೆ ಇನ್ನೂ ಇತ್ತು ನೋಡಿ. ಸಂಗ್ರಹಾಲಯದಿಂದ 1951ರ ಟೆಲಿಫೋನ್ ಪಟ್ಟಿ ತೆಗೆದುಕೊಂಡು ಹೋದೆ. ಆಗೆಲ್ಲ ಒಂದೇ ತಂತಿಗೆ ಹತ್ತಾರು ಮನೆ, ಯಾರ ಮನೆಯ ಕರೆ ಎಂದು ತಿಳಿಯುವುದು ಗಂಟೆ ಹೊಡೆಯುವ ಬಗೆಯಿಂದ. ಮೂವತ್ತೆಂಟು ಮನೆಗಳು. ಟಾಲ್ಕಾ ಕಣ್ಣು ಮುಚ್ಚಿ ಮೂವತ್ತೆಂಟನ್ನೂ ಒಪ್ಪಿಸಿದರು. ಉಬ್ಬೆನ್ ಮನೆಗೆ ಎರಡು ಉದ್ದ ಒಂದು ಗಿಡ್ಡ, ನಮ್ಮ ಮನೆಗೆ ಒಂದು ಉದ್ದ ಮೂರು ಗಿಡ್ಡ. ಒಂದು ಕಡೆ ಮಾತ್ರ ತಪ್ಪಿದರು ಎಂದು ನಾನು ಹಿಗ್ಗಿದೆ. ನೋಡಿದರೆ ಪಟ್ಟಿಯ ಅಂಚಿನಲ್ಲೇ ಯಾರೋ ಅದನ್ನು ಸೀಸದ ಕಡ್ಡಿಯಲ್ಲಿ ತಿದ್ದಿದ್ದರು. ಆ ಅಕ್ಷರವೂ ಟಾಲ್ಕಾ ಅವರದೇ. ಆ ವಾರದ ಪತ್ರಿಕೆಯನ್ನೂ ಹುಡುಕಿದೆ. ಬೇಸ್‌ಬಾಲ್ ಸೋಲಿಗೆ ಎರಡು ಅಂಕಣ, ಅಂಪೈರ್ ಹಿನ್ರಿಕ್ ಮೈಂಟ್ಸ್ ಎಂದು ಸ್ಪಷ್ಟವಾಗಿ ಹೆಸರು. ಬೆಂಕಿಗೆ ಒಂದು ಸಾಲು: ‘ಸ್ಥಳೀಯರ ನೆರವಿನಿಂದ ಹತೋಟಿಗೆ ಬಂತು.’

ಇದನ್ನೆಲ್ಲ ತಮಗೆ ಕಳಿಸಿದಾಗ ಬಂದ ಉತ್ತರವನ್ನು ಚೌಕಟ್ಟು ಹಾಕಿಸಿಡುವ ಆಲೋಚನೆ ಇದೆ. ‘ಅರ್ಜಿದಾರರ ಈಗಿನ ಅಭಿಪ್ರಾಯಕ್ಕಿಂತ ಪ್ರಕಟಿತ ದಾಖಲೆಗೇ ಹೆಚ್ಚಿನ ಮಾನ್ಯತೆ. ಅಂಪೈರಿಂಗ್ ಮಾಡಿದ ವ್ಯಕ್ತಿ ಅದೇ ದಿನ ಗಂಟೆ ಬಾರಿಸಿರಲಾರರು ಎನ್ನಲು ಆಧಾರವಿಲ್ಲ.’ ಹನ್ನೆರಡು ಮೈಲಿ ಉದ್ದದ ಕೈಯಿದ್ದರೆ ಬಾರಿಸಿರಬಹುದು ಎಂದು ನಾನೂ ಒಪ್ಪುತ್ತೇನೆ. ಫೋನಿನಲ್ಲಿ ತಮ್ಮ ಕಚೇರಿಯ ಹೆಣ್ಣುಮಗಳು ಪಾಪ ಬಹಳ ಸಮಾಧಾನದಿಂದಲೇ ಮಾತಾಡಿದರು.

“ಸರ್, ಆ ಪುಸ್ತಕ ತಪ್ಪು ಅಂತ ಅದರ ಲೇಖಕರಿಂದ ಒಂದು ಪತ್ರ ತಂದ್ಬಿಡಿ.”

“ಲೇಖಕ ನಾನೇ ಕಣಮ್ಮ.”

“ಹಾಗಾದ್ರೆ ಅದು ಸ್ವತಂತ್ರ ಮೂಲ ಆಗಲ್ಲ ಸರ್.”

ಸುಳ್ಳು ಹೇಳುವಾಗ ನಾನು ಸ್ವತಂತ್ರ ಮೂಲ, ನಿಜ ಹೇಳುವಾಗ ಅಲ್ಲ. ಇದನ್ನು ಕಾಫಿಯ ಹೊತ್ತಿನಲ್ಲಿ ಹೇಳಿಕೊಂಡಾಗ, ನನ್ನ ಹೊಲದ ಪಕ್ಕದ ಮರ್ಲಿನ್ ಹಾರ್ಮ್ಸ್ ನಿಧಾನವಾಗಿ ಲೋಟ ಕೆಳಗಿಟ್ಟ. “ನಿಮ್ಮ ತಾತ ಮಾಡ್ದೇ ಇರೋ ಕೆಲಸಕ್ಕೆ ಅವರು ಕಂಚು ಕೊಡ್ತಾರೆ, ಬೇಡ ಅಂತ ನೀನು ಅರ್ಜಿ ಹಾಕ್ತೀಯ. ನಿಮ್ಮ ವಂಶದಲ್ಲಿ ಬುದ್ಧಿ ಇದ್ದಿದ್ದು ಅಜ್ಜಿ ಕಡೆಗೆ. ಅದೂ ನಿನ್ನ ತನಕ ಬರ್ಲಿಲ್ಲ ನೋಡು,” ಎಂದ. ಅವನ ಕಾಫಿಗೂ ನಾನೇ ದುಡ್ಡು ಕೊಟ್ಟೆ.

ಈಗ ನನ್ನ ಬೇಡಿಕೆ. ಅಚ್ಚಾದದ್ದೇ ಸತ್ಯವೆಂದು ತಮ್ಮ ನಿಯಮ ಹೇಳುವುದಾದರೆ, ಈ ಪತ್ರವೂ ಕೌಂಟಿಯ ವಾರಪತ್ರಿಕೆಯಲ್ಲಿ ಅಚ್ಚಾಗುತ್ತಿದೆ. ಟಾಲ್ಕಾ ಐಲರ್ಸ್ ತಮ್ಮದೇ ಹೇಳಿಕೆಯನ್ನು ಹೇಳಿ ಬರೆಸಿ, ಸಹಿ ಹಾಕಿ ಕೊಟ್ಟಿದ್ದಾರೆ. ಅದು ಪಕ್ಕದ ಅಂಕಣದಲ್ಲಿದೆ. ತಾವು ಕೇಳುವ ಎರಡು ಆಧಾರ ಇಲ್ಲಿಗೆ ಆಯಿತು. ಫಲಕವನ್ನು ಎರಕ ಹೊಯ್ಯಲು ಕೊಡುವ ದಿನ ಬರುವ ತಿಂಗಳ ಒಂಬತ್ತು. ಅದಕ್ಕೆ ಮೊದಲು ಒಕ್ಕಣೆ ಬದಲಾಗಬೇಕು. ಆಮೇಲೆ ತಿದ್ದುಪಡಿಗೆ ಎಷ್ಟು ಕಾಲ ಹಿಡಿಯುತ್ತದೆಂದು ತಮ್ಮ ಕಚೇರಿಯನ್ನು ವಿಚಾರಿಸಿದೆ, ಆರು ವರ್ಷವಂತೆ. ಟಾಲ್ಕಾಗೆ ತೊಂಬತ್ತೆರಡು ಎಂದು ಆಗಲೇ ಹೇಳಿದೆ. ಅವರ ಹೆಸರು ಅವರ ಕಣ್ಣೆದುರಿಗೆ ನಿಲ್ಲಬೇಕು, ಸಮಾಧಿಯ ಕಲ್ಲಿನ ಮೇಲಲ್ಲ.

ಫಲಕದಲ್ಲಿ ಜಾಗವಿಲ್ಲ ಎನ್ನುತ್ತೀರೆಂದು ಗೊತ್ತು, ಆರುನೂರು ಅಕ್ಷರದ ಮಿತಿ ಇದೆ. ನಿನ್ನೆ ಅಡುಗೆಮನೆಯಲ್ಲಿ, ಅದೇ ಮೇಜಿನ ಮುಂದೆ ಕೂತು ಎಣಿಸಿದೆ. ನನ್ನ ತಾತನ ಬಗ್ಗೆ ನಾನು ಬರೆದ ಹೊಗಳಿಕೆಯನ್ನು ಪೂರ್ತಿ ಕಿತ್ತು ಹಾಕಿದರೆ ಹನ್ನೆರಡು ಹೆಂಗಸರ ಹೆಸರು, ಯಾರ ಶ್ರೀಮತಿಯೆಂದೂ ಇಲ್ಲದೆ ಅವರವರ ಸ್ವಂತ ಹೆಸರು, ಸರಿಯಾಗಿ ಹಿಡಿಯುತ್ತದೆ. ಟಾಲ್ಕಾ ಮೊದಲು, ಫ್ರೌಕೆ ಎರಡನೆಯದು.

ಇಂತಿ,
ತಮ್ಮ ಕಡತದ ಆಧಾರಗಳೆಲ್ಲವನ್ನೂ ಒಬ್ಬನೇ ಹೆತ್ತವನು,
ಅಂಪೈರನ ಮೊಮ್ಮಗ, ಈಗಷ್ಟೇ ಫ್ರೌಕೆಯ ಮೊಮ್ಮಗನೂ ಆದ
ವೆಂಡೆಲ್ ಮೈಂಟ್ಸ್
ಅಧ್ಯಕ್ಷ, ಕಾರ್ಯದರ್ಶಿ ಹಾಗೂ ಕಸ ಗುಡಿಸುವವ, ಲೇರ್‌ಹೋಫ್ ಇತಿಹಾಸ ಸಂಘ